ಒಂದೇ ಮನೆಗೆ ಮೂರು ಬೆಲೆ: ಆಸ್ತಿ ಮೌಲ್ಯಮಾಪನದ ಒಳಲೆಕ್ಕ

2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಅದಕ್ಕೂ ಮೊದಲು, 2023ರ ಅಕ್ಟೋಬರ್ 1ರಂದು, ಸುಮಾರು ಐದು ವರ್ಷಗಳ ಬಿಡುವಿನ ಬಳಿಕ ರಾಜ್ಯದಾದ್ಯಂತ ಮಾರ್ಗಸೂಚಿ ದರಗಳು ಪರಿಷ್ಕರಣೆಯಾಗಿದ್ದವು. ಶುಲ್ಕ ಎಷ್ಟಾಯಿತು ಎಂಬುದು ಎಲ್ಲರಿಗೂ ತಿಳಿಯಿತು. ಯಾವುದರ ಮೇಲೆ ಶೇ 2 ಎಂಬುದು ಮಾತ್ರ ಬಹಳ ಮಂದಿಗೆ ಗೊತ್ತಾಗುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಇಲ್ಲವೇ ಬ್ಯಾಂಕಿನ ಮೇಜಿನ ಮುಂದೆ. ಮಾರುವವರು 80 ಲಕ್ಷ ಎನ್ನುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ 58 ಲಕ್ಷ ತೋರಿಸುತ್ತದೆ. ಬ್ಯಾಂಕಿನ ವ್ಯಾಲ್ಯುಯರ್ 72 ಲಕ್ಷ ಬರೆದು ಕೊಡುತ್ತಾರೆ. ಮೂರರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಮೂವರಿಗೂ ಕೇಳಿರುವ ಪ್ರಶ್ನೆಯೇ ಬೇರೆ ಬೇರೆ.

ಯಾರು, ಏನು ಕೇಳಿದರು?

ಮಾರುಕಟ್ಟೆ ಬೆಲೆ ಎಂದರೆ ಅವಸರವಿಲ್ಲದ ಕೊಳ್ಳುವವರು, ಅವಸರವಿಲ್ಲದ ಮಾರುವವರು ಒಪ್ಪುವ ಮೊತ್ತ. ಮಾರ್ಗಸೂಚಿ ದರಕ್ಕೆ ನಿಮ್ಮ ಮನೆಯ ಪರಿಚಯವೇ ಇಲ್ಲ. ನಿಮ್ಮ ಬಡಾವಣೆಯ ಎಲ್ಲ ಸೈಟುಗಳಿಗೂ ಸೇರಿಸಿ, ಇದಕ್ಕಿಂತ ಕಡಿಮೆಗೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳುವುದಿಲ್ಲ ಎಂದು ಸರ್ಕಾರ ಎಳೆದ ಗೆರೆ ಅದು. ಬ್ಯಾಂಕಿನ ಪ್ರಶ್ನೆ ಇನ್ನೂ ನಿಷ್ಠುರ: ಸಾಲ ತೀರದೆ ನಾಳೆ ಈ ಮನೆಯನ್ನು ನಾವೇ ಮಾರಬೇಕಾಗಿ ಬಂದರೆ ಎಷ್ಟು ಹುಟ್ಟುತ್ತದೆ? ಹಾಗಾಗಿಯೇ ಬ್ಯಾಂಕಿನ ವರದಿಯಲ್ಲಿ ಮಾರುಕಟ್ಟೆ ಮೌಲ್ಯದ ಕೆಳಗೆ ಇನ್ನೆರಡು ಸಾಲು ಇರುತ್ತವೆ. ಒಂದು, ಕೈಗೆ ಬರಬಹುದಾದ ಮೌಲ್ಯ. ಇನ್ನೊಂದು, ತುರ್ತಾಗಿ ಮಾರಿದರೆ ಸಿಗುವ ಮೌಲ್ಯ. ಎರಡೂ ಕ್ರಮವಾಗಿ ಇನ್ನಷ್ಟು ತಗ್ಗಿರುತ್ತವೆ.

ವಿಮಾ ಕಂಪನಿಯ ಲೆಕ್ಕ ಇವೆಲ್ಲಕ್ಕಿಂತ ಭಿನ್ನ. ಬೆಂಕಿ ಬಿದ್ದರೆ ನೆಲ ಸುಡುವುದಿಲ್ಲ. ಅಲ್ಲಿ ಬೇಕಾಗಿರುವುದು ಕಟ್ಟಡವನ್ನು ಮತ್ತೆ ಕಟ್ಟುವ ಖರ್ಚು ಮಾತ್ರ. ಸೈಟಿನ ಬೆಲೆಯನ್ನೂ ಸೇರಿಸಿ ವಿಮೆ ಮಾಡಿಸಿದರೆ ಕಂತು ದಂಡ.

ಮಾರ್ಗಸೂಚಿ ದರ ಹುಟ್ಟುವ ಬಗೆ

1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಬಿ ಕಲಂ ಪ್ರಕಾರ ಕೇಂದ್ರ ಮೌಲ್ಯಮಾಪನ ಸಮಿತಿಯೊಂದಿದೆ. ಅದರ ಕೆಳಗೆ ಉಪಸಮಿತಿಗಳು. ಇತ್ತೀಚಿನ ನೋಂದಣಿಗಳು, ರಸ್ತೆ, ಬಡಾವಣೆಯ ಬೆಳವಣಿಗೆ ಇವನ್ನೆಲ್ಲ ನೋಡಿ ಊರು, ಬಡಾವಣೆ, ಕೆಲವೆಡೆ ಅಪಾರ್ಟ್‌ಮೆಂಟಿನ ಹೆಸರಿನ ಮಟ್ಟದವರೆಗೆ ಕರಡು ದರಪಟ್ಟಿ ಸಿದ್ಧವಾಗುತ್ತದೆ. ಆಕ್ಷೇಪಣೆ ಕರೆದ ಮೇಲೆ ಅಂತಿಮ ಪಟ್ಟಿ. ಆಕ್ಷೇಪಣೆಗೆ ಸಿಗುವುದು ಕೆಲವೇ ದಿನ. ಮನೆ ಕೊಳ್ಳುವ ಯೋಚನೆಯಿಲ್ಲದವರು ಆ ಪ್ರಕಟಣೆಯತ್ತ ಕಣ್ಣು ಹಾಯಿಸುವುದೂ ಅಪರೂಪ.

ಪಟ್ಟಿಯನ್ನು ಓದುವಾಗ ಆಗುವ ಸಾಮಾನ್ಯ ತಪ್ಪೊಂದಿದೆ. ಚದರಡಿಯ ದರ ನೋಡಿ ಗುಣಿಸಿ ಸುಮ್ಮನಾಗುವುದು. ಪಟ್ಟಿಯ ಜೊತೆಗೇ ‘ವಿಶೇಷ ಸೂಚನೆಗಳು’ ಎಂಬ ಭಾಗವಿರುತ್ತದೆ. ಮೂಲೆ ಸೈಟು, ವಾಣಿಜ್ಯ ಬಳಕೆ, ಹೆದ್ದಾರಿಗೆ ತಾಗಿದ ಜಮೀನು ಇಂಥವಕ್ಕೆ ಎಷ್ಟು ಶೇಕಡಾ ಸೇರಿಸಬೇಕು, ಹಳೆಯ ಕಟ್ಟಡಕ್ಕೆ ಎಷ್ಟು ಸವಕಳಿ ಕಳೆಯಬೇಕು ಎಂಬುದು ಅಲ್ಲಿದೆ. ಮನೆಯಲ್ಲಿ ಹಾಕಿದ ಲೆಕ್ಕಕ್ಕೂ ಕಚೇರಿಯಲ್ಲಿ ಬಂದ ಲೆಕ್ಕಕ್ಕೂ ವ್ಯತ್ಯಾಸ ಬರುವುದು ಹೆಚ್ಚಾಗಿ ಇಲ್ಲಿಂದಲೇ.

ಶುಲ್ಕ ಬೀಳುವುದು ಮಾರ್ಗಸೂಚಿ ಮೌಲ್ಯ ಮತ್ತು ಕ್ರಯಪತ್ರದಲ್ಲಿ ಬರೆದ ಮೊತ್ತ, ಇವೆರಡರಲ್ಲಿ ಹೆಚ್ಚಿನದರ ಮೇಲೆ. ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ಶೇ 2 ಸರ್ಚಾರ್ಜ್. ಒಟ್ಟು ಶೇ 5.6. ಗ್ರಾಮೀಣ ಪ್ರದೇಶದಲ್ಲಿ ಸರ್ಚಾರ್ಜ್ ಶೇ 3 ಆದ್ದರಿಂದ ಶೇ 5.65. ಇದಕ್ಕೆ ನೋಂದಣಿ ಶುಲ್ಕ ಶೇ 2 ಸೇರಿದರೆ ನಗರದಲ್ಲಿ ಶೇ 7.6. 80 ಲಕ್ಷದ ಮನೆಗೆ 2025ರ ಆಗಸ್ಟ್ 30ರವರೆಗೆ 5.28 ಲಕ್ಷ ಆಗುತ್ತಿದ್ದದ್ದು ಈಗ 6.08 ಲಕ್ಷ.

ವ್ಯಾಲ್ಯುಯರ್ ಬಂದಾಗ ನೋಡುವುದೇನು?

ಬ್ಯಾಂಕು ಕಳಿಸುವ ವ್ಯಾಲ್ಯುಯರ್ ಹೆಚ್ಚಾಗಿ ಸಿವಿಲ್ ಎಂಜಿನಿಯರ್. ಮೊದಲ ಕೆಲಸ ಚಕ್ಕುಬಂದಿ ತಾಳೆ ಹಾಕುವುದು. ಪತ್ರದಲ್ಲಿರುವ ನಾಲ್ಕು ದಿಕ್ಕಿನ ಗಡಿ ನೆಲದ ಮೇಲೂ ಹಾಗೇ ಇದೆಯೇ? ಪೂರ್ವಕ್ಕೆ ‘ಖಾಲಿ ಜಾಗ’ ಎಂದು ಬರೆದಲ್ಲಿ ಈಗ ಮೂರಂತಸ್ತಿನ ಮನೆ ಇರಬಹುದು, ಅದು ಸರಿ. ಆದರೆ ‘30 ಅಡಿ ರಸ್ತೆ’ ಎಂದು ಬರೆದಲ್ಲಿ 18 ಅಡಿ ಓಣಿ ಇದ್ದರೆ ಮೌಲ್ಯ ಅಲ್ಲೇ ಇಳಿಯುತ್ತದೆ. ಆಮೇಲೆ ಅಳತೆ, ಮಂಜೂರಾದ ನಕ್ಷೆ, ಸುತ್ತ ಬಿಟ್ಟ ಜಾಗ, ಕಟ್ಟಡದ ವಯಸ್ಸು, ಖಾತಾ, ರಾಜಕಾಲುವೆಯಿಂದ ದೂರ, ಮೇಲೆ ಹೈಟೆನ್ಷನ್ ತಂತಿ ಹಾದಿದೆಯೇ ಎಂಬುದು.

ಬೆಲೆ ಕಟ್ಟುವ ದಾರಿ ಮುಖ್ಯವಾಗಿ ಮೂರು. ಬಾಡಿಗೆ ತರುವ ಅಂಗಡಿ, ಕಚೇರಿಗಳಿಗೆ ಆದಾಯದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಫ್ಲ್ಯಾಟು, ಖಾಲಿ ಸೈಟುಗಳಿಗೆ ಅಕ್ಕಪಕ್ಕದ ಮಾರಾಟಗಳೊಡನೆ ಹೋಲಿಕೆ. ಸ್ವತಂತ್ರ ಮನೆಗೆ ನೆಲ ಬೇರೆ, ಕಟ್ಟಡ ಬೇರೆ.

ಈ ಮೂರನೆಯದನ್ನು ಒಂದು ಉದಾಹರಣೆಯಲ್ಲಿ ನೋಡೋಣ. 30x40 ಸೈಟು, ಅಂದರೆ 1,200 ಚದರಡಿ. ನೆಲ ಚದರಡಿಗೆ 9,000 ರೂಪಾಯಿಯಂತೆ 1.08 ಕೋಟಿ. ಕಟ್ಟಡ 1,800 ಚದರಡಿ, ಕಟ್ಟಿ 20 ವರ್ಷ. ಇಂದು ಅಂಥದ್ದನ್ನೇ ಕಟ್ಟಲು ಚದರಡಿಗೆ 2,000 ಎಂದಿಟ್ಟುಕೊಂಡರೆ 36 ಲಕ್ಷ. ಆರ್‌ಸಿಸಿ ಕಟ್ಟಡದ ಆಯಸ್ಸು 60 ವರ್ಷ, ಕೊನೆಗೆ ಉಳಿಯುವ ಗುಜರಿ ಮೌಲ್ಯ ಶೇ 10 ಎಂದು ಹಿಡಿದರೆ ಸವಕಳಿ 36 ಲಕ್ಷದ ಶೇ 90ರಲ್ಲಿ ಮೂರನೇ ಒಂದು ಪಾಲು: 10.8 ಲಕ್ಷ. ಕಟ್ಟಡಕ್ಕೆ ಉಳಿದದ್ದು 25.2 ಲಕ್ಷ. ಒಟ್ಟು 1.33 ಕೋಟಿ ಚಿಲ್ಲರೆ.

ಈಗ ಎರಡನೇ ಮಹಡಿಯ 600 ಚದರಡಿಗೆ ನಕ್ಷೆಯ ಮಂಜೂರಾತಿ ಇಲ್ಲ ಎನ್ನೋಣ. ಹಲವು ಬ್ಯಾಂಕುಗಳು ಆ ಭಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 1,200 ಚದರಡಿ ಕಟ್ಟಡಕ್ಕೆ ಸವಕಳಿ ಕಳೆದು 16.8 ಲಕ್ಷ, ಒಟ್ಟು ಸುಮಾರು 1.25 ಕೋಟಿ. ಕಣ್ಣಿಗೆ ಕಾಣುವ, ಬಾಡಿಗೆ ತರುವ ಮಹಡಿ ಕಾಗದದ ಮೇಲೆ ಇಲ್ಲವಾಗಿ 8.4 ಲಕ್ಷ ಇಳಿಯಿತು. ಈ ಲೆಕ್ಕದಲ್ಲಿ ಇನ್ನೊಂದು ವಿಷಯ ಗಮನಿಸಿ: ಮೌಲ್ಯದ ಐದರಲ್ಲಿ ನಾಲ್ಕು ಪಾಲು ನೆಲದ್ದು. ಇಟಾಲಿಯನ್ ಮಾರ್ಬಲ್ ಹಾಕಿಸಿದ ಖರ್ಚೆಲ್ಲ ಮೌಲ್ಯದಲ್ಲಿ ವಾಪಸು ಬರುತ್ತದೆ ಎಂದುಕೊಂಡವರಿಗೆ ನಿರಾಸೆಯಾಗುವುದು ಅದಕ್ಕೇ.

ಹೋಲಿಕೆಯ ವಿಧಾನದ ತೊಡಕು ಬೇರೆ ತರಹದ್ದು. ಫ್ಲ್ಯಾಟುಗಳಲ್ಲಿ ಒಬ್ಬರು ಮೆಟ್ಟಿಲು, ಲಿಫ್ಟಿನಂಥ ಹಂಚಿಕೆಯ ಜಾಗವೂ ಸೇರಿದ ಸೂಪರ್ ಬಿಲ್ಟ್‌ಅಪ್ ಅಳತೆಯಲ್ಲಿ ದರ ಹೇಳಿದರೆ ಇನ್ನೊಬ್ಬರು ಮನೆಯೊಳಗಿನ ಬಳಕೆಯ ಜಾಗವನ್ನಷ್ಟೇ ಹಿಡಿಯುವ ಕಾರ್ಪೆಟ್ ಅಳತೆಯಲ್ಲಿ ಹೇಳುತ್ತಾರೆ. 72 ಲಕ್ಷದ ಫ್ಲ್ಯಾಟು 1,200 ಸೂಪರ್ ಬಿಲ್ಟ್‌ಅಪ್ ಅಡಿಗೆ 6,000 ರೂಪಾಯಿ. ಅದೇ ಫ್ಲ್ಯಾಟು 840 ಕಾರ್ಪೆಟ್ ಅಡಿಗೆ 8,571. ಒಂದರ ದರವನ್ನು ಇನ್ನೊಂದರ ಅಳತೆಗೆ ಗುಣಿಸಿದರೆ ಎಡವಟ್ಟು. ಪೂರ್ವಾಭಿಮುಖ ಮನೆಗೆ ಒಂದಿಷ್ಟು ಹೆಚ್ಚು ಹಾಕುವುದೂ ಇದೆ. ವಾಸ್ತುವನ್ನು ಎಂಜಿನಿಯರ್ ನಂಬಬೇಕಿಲ್ಲ, ಕೊಳ್ಳುವವರು ನಂಬಿದರೆ ಸಾಕು.

ಆದರೆ ಎಲ್ಲಕ್ಕಿಂತ ದೊಡ್ಡ ತೊಡಕು ಹೋಲಿಕೆಗೆ ಸಿಗುವ ದಾಖಲೆಯದ್ದೇ. ಪಕ್ಕದ ಸೈಟು ಒಂದು ಕೋಟಿಗೆ ಮಾರಾಟವಾಗಿ, ಮಾರ್ಗಸೂಚಿ ಮೌಲ್ಯವಾದ 60 ಲಕ್ಷಕ್ಕೆ ನೋಂದಣಿಯಾಗಿದ್ದರೆ ದಾಖಲೆ ಹೇಳುವುದು 60 ಲಕ್ಷವನ್ನೇ. ಉಳಿದ 40 ಲಕ್ಷ ನಗದಾಗಿ ಕೈ ಬದಲಾಯಿಸಿದೆ. ವ್ಯಾಲ್ಯುಯರ್‌ಗೆ ಆಗ ಉಳಿಯುವುದು ದಲ್ಲಾಳಿಗಳ ಬಾಯಿಮಾತು, ಜಾಹೀರಾತಿನ ಕೇಳಿಕೆ ಬೆಲೆ. ಎಚ್ಚರದ ವ್ಯಾಲ್ಯುಯರ್ ಅದನ್ನು ಕೆಳಗಿಳಿಸಿ ಬರೆಯುತ್ತಾರೆ. ಕೊಳ್ಳುವವರಿಗೆ ‘ಬ್ಯಾಂಕಿನವರು ಕಡಿಮೆ ಕಟ್ಟಿದರು’ ಅನ್ನಿಸುತ್ತದೆ.

ಬ್ಯಾಂಕಿನ ಲೆಕ್ಕ ತಪ್ಪಿಸುವ ಲೆಕ್ಕ

ರಿಸರ್ವ್ ಬ್ಯಾಂಕಿನ ನಿಯಮದಂತೆ ವೈಯಕ್ತಿಕ ಗೃಹಸಾಲ 30 ಲಕ್ಷದವರೆಗೆ ಇದ್ದರೆ ಆಸ್ತಿ ಮೌಲ್ಯದ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75 ಗರಿಷ್ಠ ಮಿತಿ. ಇಲ್ಲಿ ‘ಮೌಲ್ಯ’ ಎಂದು ಬ್ಯಾಂಕುಗಳು ಸಾಮಾನ್ಯವಾಗಿ ಹಿಡಿಯುವುದು ಕರಾರಿನ ಬೆಲೆ ಮತ್ತು ವ್ಯಾಲ್ಯುಯರ್ ವರದಿ, ಎರಡರಲ್ಲಿ ಕಡಿಮೆಯದ್ದನ್ನು. ಸರ್ಕಾರ ಹೆಚ್ಚಿನದನ್ನು ಹಿಡಿಯುತ್ತದೆ, ಬ್ಯಾಂಕು ಕಡಿಮೆಯದ್ದನ್ನು. ಕೊಳ್ಳುವವರ ಜೇಬು ಎರಡೂ ಕಡೆಯಿಂದ ಹರಿಯುವುದು ಹೀಗೆ.

80 ಲಕ್ಷಕ್ಕೆ ಕರಾರಾದ ಮನೆಗೆ ಶೇ 80, ಅಂದರೆ 64 ಲಕ್ಷ ಸಾಲ ಸಿಗುತ್ತದೆ, ಕೈಯಿಂದ 16 ಲಕ್ಷ ಸಾಕು ಎಂದು ಯೋಜಿಸಿದವರು, ವರದಿ 72 ಲಕ್ಷ ಎಂದರೆ ಪಡೆಯುವುದು 57.6 ಲಕ್ಷ. ಕೈಯಿಂದ 22.4 ಲಕ್ಷ ಹಾಕಬೇಕು. ಮುದ್ರಾಂಕ, ನೋಂದಣಿಯ 6.08 ಲಕ್ಷ ಬೇರೆ. ಆಸ್ತಿಯ ಬೆಲೆ 10 ಲಕ್ಷ ಮೀರಿದಲ್ಲಿ ಈ ಶುಲ್ಕಗಳನ್ನು ಮೌಲ್ಯಕ್ಕೆ ಸೇರಿಸಿ ಸಾಲ ಕೊಡುವಂತಿಲ್ಲ. ಒಟ್ಟು 28.48 ಲಕ್ಷ ನಗದು ಬೇಕು, ಹೊಂದಿಸಿಕೊಂಡದ್ದು 22.08 ಲಕ್ಷ. ಈ 6.4 ಲಕ್ಷದ ಕೊರತೆಯನ್ನು ದುಬಾರಿ ಬಡ್ಡಿಯ ವೈಯಕ್ತಿಕ ಸಾಲದಿಂದ ತುಂಬಲು ಹೋದವರಿಗೆ ಮನೆಯ ಕಂತಿನ ಪಕ್ಕದಲ್ಲಿ ಇನ್ನೊಂದು ಕಂತು ಶುರುವಾಗುತ್ತದೆ.

ಇದೇ ವರದಿ ಸಾಲದ ಕೊನೆಯಲ್ಲೂ ಬರುತ್ತದೆ. ಸಾಲ ಕೆಟ್ಟು, ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ಪಡೆದು ಮಾರಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯಡಿ ಮನೆ ಹರಾಜಿಗೆ ಬಂದರೆ, ಬ್ಯಾಂಕು ಮಾನ್ಯತೆಯುಳ್ಳ ವ್ಯಾಲ್ಯುಯರ್‌ನಿಂದ ಹೊಸದಾಗಿ ಮೌಲ್ಯ ಮಾಡಿಸಿ ಕನಿಷ್ಠ ಹರಾಜು ಬೆಲೆ ನಿಗದಿ ಮಾಡಬೇಕು. ಆ ಅಂಕಿ ತೀರಾ ತಗ್ಗಿದ್ದರೆ ಸಾಲಗಾರರು ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬಹುದು.

ದರ ಬೆಲೆಯನ್ನು ಮೀರಿದಾಗ

ಮಾರ್ಗಸೂಚಿ ದರ ಯಾವಾಗಲೂ ಮಾರುಕಟ್ಟೆಗಿಂತ ಕಡಿಮೆ ಎಂಬ ನಂಬಿಕೆ ಈಗ ಎಲ್ಲೆಡೆ ನಿಜವಲ್ಲ. ಹಳೆಯ ಅಪಾರ್ಟ್‌ಮೆಂಟು, ದಾರಿ ಕಿರಿದಾದ ಸೈಟು, ಪಾಲುದಾರರ ತಕರಾರಿರುವ ಆಸ್ತಿ ಇಂಥವು ದರಕ್ಕಿಂತ ಕಡಿಮೆಗೆ ಮಾರಾಟವಾಗುವುದುಂಟು. ಆಗ ಆದಾಯ ತೆರಿಗೆ ಎರಡು ಕಡೆ ಕಚ್ಚುತ್ತದೆ.

ಕ್ರಯ 60 ಲಕ್ಷ, ಮಾರ್ಗಸೂಚಿ ಮೌಲ್ಯ 70 ಲಕ್ಷ ಎನ್ನಿ. ವ್ಯತ್ಯಾಸ ಕ್ರಯದ ಶೇ 10ರೊಳಗೆ, ಅಂದರೆ 66 ಲಕ್ಷದವರೆಗೆ ಇದ್ದಿದ್ದರೆ ತೊಂದರೆ ಇರಲಿಲ್ಲ. ಅದನ್ನು ಮೀರಿದ್ದರಿಂದ ಮಾರಿದವರು 70 ಲಕ್ಷಕ್ಕೇ ಮಾರಿದಂತೆ ಬಂಡವಾಳ ಲಾಭದ ತೆರಿಗೆ ಕಟ್ಟಬೇಕು. ಕೊಂಡವರಿಗೆ ಪೂರ್ತಿ 10 ಲಕ್ಷ ಇತರ ಮೂಲದ ಆದಾಯ. ವಿನಾಯಿತಿ ಮೀರಿದ 4 ಲಕ್ಷಕ್ಕೆ ಮಾತ್ರ ತೆರಿಗೆ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. 1961ರ ಹಳೆಯ ಆದಾಯ ತೆರಿಗೆ ಕಾಯ್ದೆಯ ಕಲಂ 50ಸಿ ಮತ್ತು 56(2)(ಎಕ್ಸ್) ಎಂದು ಲೆಕ್ಕಪರಿಶೋಧಕರು ಹೇಳುವುದು ಇವನ್ನೇ. ಕ್ರಯ ಅಥವಾ ಮಾರ್ಗಸೂಚಿ ಮೌಲ್ಯ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಹಿಡಿಯಬೇಕಾದ ಶೇ 1 ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಹೆಚ್ಚಿನ ಮೊತ್ತದ ಮೇಲೇ. ಮಾರುವವರು ಹೊರದೇಶದಲ್ಲಿ ನೆಲೆಸಿದ ಅನಿವಾಸಿಯಾಗಿದ್ದರೆ ಶೇ 1ರ ನಿಯಮ ಅನ್ವಯಿಸುವುದಿಲ್ಲ, ಟಿಡಿಎಸ್ ಪ್ರಮಾಣ ಬಹಳ ಹೆಚ್ಚು. ಊರಿನ ಮನೆ ಮಾರುವ ಅಮೆರಿಕ, ದುಬೈ ಕನ್ನಡಿಗರ ವ್ಯವಹಾರಗಳು ಸಿಕ್ಕಿಬೀಳುವುದು ಇಲ್ಲೇ.

ಕರಾರಿಗೂ ನೋಂದಣಿಗೂ ನಡುವೆ ಮಾರ್ಗಸೂಚಿ ದರ ಏರಿಬಿಟ್ಟರೆ? ಆದಾಯ ತೆರಿಗೆಗೆ ಕರಾರಿನ ದಿನದ ದರವನ್ನೇ ಹಿಡಿಯಬಹುದು. ಷರತ್ತೊಂದೇ: ಮುಂಗಡದ ಒಂದಿಷ್ಟಾದರೂ ಕರಾರಿನ ದಿನ ಅಥವಾ ಅದಕ್ಕೂ ಮೊದಲು ಬ್ಯಾಂಕಿನ ಮೂಲಕ ಸಂದಾಯವಾಗಿರಬೇಕು. ನಗದು ಮುಂಗಡಕ್ಕೆ ಈ ರಕ್ಷಣೆ ಇಲ್ಲ. ಸಾಲದ್ದಕ್ಕೆ, ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡದ ಅಪಾಯವಿದೆ. ಮುದ್ರಾಂಕ ಶುಲ್ಕಕ್ಕೆ ಮಾತ್ರ ಕರಾರಿನ ದಿನ ನಡೆಯುವುದಿಲ್ಲ, ಕ್ರಯಪತ್ರದ ಹೊತ್ತಿನ ದರವೇ.

ಅಪ್ಪ, ಅಜ್ಜ ಬಿಟ್ಟುಹೋದ ಮನೆ

2001ರ ಏಪ್ರಿಲ್ 1ಕ್ಕೂ ಮೊದಲು ಕುಟುಂಬಕ್ಕೆ ಬಂದ ಆಸ್ತಿ ಮಾರುವಾಗ, ಕೊಂಡಾಗಿನ ಬೆಲೆಯ ಬದಲು ಆ ದಿನದ ನ್ಯಾಯಯುತ ಮಾರುಕಟ್ಟೆ ಬೆಲೆಯನ್ನು ತೆಗೆದುಕೊಳ್ಳಬಹುದು. ಇದಕ್ಕೆ ನೋಂದಾಯಿತ ವ್ಯಾಲ್ಯುಯರ್ ವರದಿ ಬೇಕಾಗುತ್ತದೆ. ಬ್ಯಾಂಕಿನ ಪಟ್ಟಿಯಲ್ಲಿರುವವರೆಲ್ಲ ತೆರಿಗೆಗೆ ನಡೆಯುವ ನೋಂದಾಯಿತ ವ್ಯಾಲ್ಯುಯರ್ ಅಲ್ಲ. ವರದಿ ಮಾಡಿಸುವ ಮೊದಲು ಯಾವ ನೋಂದಣಿ ಇದೆ ಎಂದು ಕೇಳುವುದು ಒಳ್ಳೆಯದು.

ಅಂಕಿ ಎಷ್ಟು ಮುಖ್ಯ? 2025-26ರಲ್ಲಿ ಒಂದು ಕೋಟಿಗೆ ಮಾರಿದ ಮನೆ. 2001ರ ಮೌಲ್ಯ 10 ಲಕ್ಷ ಎಂದಾದರೆ, ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಲಾಭ 90 ಲಕ್ಷ, ಶೇ 12.5ರಂತೆ ತೆರಿಗೆ 11.25 ಲಕ್ಷ. ಹೊಂದಾಣಿಕೆ ಸೂಚ್ಯಂಕ 376 ಬಳಸಿದರೆ ವೆಚ್ಚ 37.6 ಲಕ್ಷ, ಲಾಭ 62.4 ಲಕ್ಷ, ಶೇ 20ರಂತೆ 12.48 ಲಕ್ಷ. ಮೊದಲ ದಾರಿಯೇ ಅಗ್ಗ. ಅದೇ 2001ರ ಮೌಲ್ಯ 15 ಲಕ್ಷ ಎಂದು ದಾಖಲೆ ಸಮೇತ ತೋರಿಸಲಾದರೆ ಮೊದಲ ದಾರಿಯಲ್ಲಿ ಸುಮಾರು 10.63 ಲಕ್ಷ, ಎರಡನೆಯದರಲ್ಲಿ 8.72 ಲಕ್ಷ. 25 ವರ್ಷ ಹಿಂದಿನ 5 ಲಕ್ಷದ ವ್ಯತ್ಯಾಸ ಇಂದಿನ ತೆರಿಗೆಯಲ್ಲಿ ಎರಡೂವರೆ ಲಕ್ಷ. ಎರಡು ದಾರಿಯ ಈ ಆಯ್ಕೆ ಇರುವುದು 2024ರ ಜುಲೈ 23ಕ್ಕೆ ಮೊದಲು ಪಡೆದ ಆಸ್ತಿಗೆ, ಅದೂ ನಿವಾಸಿ ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬಗಳಿಗೆ ಮಾತ್ರ.

ಮನಸ್ಸಿಗೆ ಬಂದಷ್ಟು ಬರೆಸಲು ಆಗದು. 2001ರ ಮೌಲ್ಯ ಆ ದಿನದ ಮುದ್ರಾಂಕ ಮೌಲ್ಯವನ್ನು, ಅಂದರೆ ಮುದ್ರಾಂಕ ಶುಲ್ಕಕ್ಕೆ ಹಿಡಿಯುವ ಮಾರ್ಗಸೂಚಿ ಮೌಲ್ಯವನ್ನು, ಮೀರುವಂತಿಲ್ಲ ಎಂಬ ಮಿತಿ ಇದೆ. ಹಾಗಾಗಿ ವ್ಯಾಲ್ಯುಯರ್ ಹತ್ತಿರ ಹೋಗುವ ಮೊದಲು ಉಪನೋಂದಣಾಧಿಕಾರಿ ಕಚೇರಿಯಿಂದ ಆ ಕಾಲದ ದರಪಟ್ಟಿಯ ಪ್ರತಿ ತೆಗೆಸಿಕೊಳ್ಳಬೇಕು.

ಏರಿಸಬೇಕೇ, ಬೇಡವೇ?

ಸರ್ಕಾರದ ವಾದ ಸರಳ. ದರ ನಿಂತಲ್ಲೇ ನಿಂತು ಮಾರುಕಟ್ಟೆ ಓಡಿದರೆ ನಡುವಿನ ಅಂತರವೆಲ್ಲ ಕಪ್ಪುಹಣವಾಗುತ್ತದೆ, ಖಜಾನೆಗೆ ನಷ್ಟ. ಕೊಳ್ಳುವವರ, ಬಿಲ್ಡರ್‌ಗಳ ವಾದವೂ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಏರಿಸಿ, ಅದರ ಮೇಲೆ ಶುಲ್ಕವನ್ನೂ ದ್ವಿಗುಣ ಮಾಡಿದರೆ ಪ್ರಾಮಾಣಿಕವಾಗಿ ಪೂರ್ತಿ ಬೆಲೆ ಬರೆಸುವವರೇ ಹೆಚ್ಚು ತೆರುತ್ತಾರೆ. ಎರಡರಲ್ಲಿ ಹೆಚ್ಚು ಕೆಡುಕು ಮಾಡುವುದು ಏರಿಕೆಯಲ್ಲ, ಅದರ ಅನಿಯಮಿತತೆ. ಪ್ರತಿವರ್ಷ ಸ್ವಲ್ಪ ಸ್ವಲ್ಪ ಏರುವ ದರಕ್ಕೆ ಯಾರೂ ಅವಸರದಲ್ಲಿ ಓಡಿಬಂದು ಕಚೇರಿಯ ಮುಂದೆ ಸಾಲು ನಿಲ್ಲುವುದಿಲ್ಲ.

ಮೂರನೆಯ ಪಕ್ಷವೊಂದಿದೆ, ಅದರ ದನಿ ಈ ಚರ್ಚೆಯಲ್ಲಿ ಕೇಳುವುದು ಕಡಿಮೆ: ಜಮೀನು ಕಳೆದುಕೊಳ್ಳುವ ರೈತ. 2013ರ ಭೂಸ್ವಾಧೀನ ಕಾಯ್ದೆಯಡಿ ಪರಿಹಾರಕ್ಕೆ ಆಧಾರವಾಗುವುದು ಮುದ್ರಾಂಕ ಮೌಲ್ಯ, ಅಥವಾ ಹಿಂದಿನ ಮೂರು ವರ್ಷ ಹತ್ತಿರದಲ್ಲಿ ಆದ ಕ್ರಯಗಳಲ್ಲಿ ಮೇಲಿನ ಅರ್ಧದ ಸರಾಸರಿ, ಇವುಗಳಲ್ಲಿ ಹೆಚ್ಚಿನದು. ಗ್ರಾಮೀಣ ಪ್ರದೇಶದಲ್ಲಿ ಅದನ್ನು 2ರವರೆಗಿನ ಅಂಶದಿಂದ ಗುಣಿಸಿ, ಅಷ್ಟೇ ಮೊತ್ತದ ಸಾಂತ್ವನ ಪರಿಹಾರ ಸೇರಿಸುತ್ತಾರೆ. ಅಂಶ 2 ಇರುವಲ್ಲಿ ಎಕರೆಗೆ 40 ಲಕ್ಷದ ಮೂಲ ಮೌಲ್ಯ 1.6 ಕೋಟಿಯಾಗುತ್ತದೆ. ಮೂಲದಲ್ಲಿ ಒಂದು ಲಕ್ಷ ತಗ್ಗಿದರೆ ಪರಿಹಾರದಲ್ಲಿ ನಾಲ್ಕು ಲಕ್ಷ ಹೋಯಿತು. ಶುಲ್ಕ ಉಳಿಸಲು ಊರವರೆಲ್ಲ ಕಡಿಮೆ ಬರೆಸಿದ ಕ್ರಯಪತ್ರಗಳು ಹೆದ್ದಾರಿ ಬಂದ ದಿನ ಅದೇ ಊರವರ ವಿರುದ್ಧ ಸಾಕ್ಷಿ ಹೇಳುತ್ತವೆ. ಸ್ವಾಧೀನಕ್ಕೆ ಮೊದಲು ಮೌಲ್ಯವನ್ನು ಪರಿಷ್ಕರಿಸಲು ಜಿಲ್ಲಾಧಿಕಾರಿ ಕ್ರಮ ಕೈಗೊಳ್ಳಬೇಕೆಂದು ಕಾಯ್ದೆಯ 26ನೇ ಕಲಂ ಹೇಳುತ್ತದೆ. ಮೊದಲ ಅಧಿಸೂಚನೆಗೆ ಮುನ್ನವೇ ಗ್ರಾಮಸ್ಥರು ಲಿಖಿತವಾಗಿ ಕೇಳಬೇಕಾದದ್ದು ಅದನ್ನು. ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ), ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ತಮ್ಮ ಪ್ರತ್ಯೇಕ ಕಾಯ್ದೆಗಳಡಿ ಸ್ವಾಧೀನ ಮಾಡುವುದರಿಂದ ಅಲ್ಲಿಯ ಲೆಕ್ಕ ಬೇರೆ.

ಅಂಕಿ ತಪ್ಪೆನಿಸಿದರೆ

ಮಾರ್ಗಸೂಚಿ ಮೌಲ್ಯ ಹೆಚ್ಚಾಯಿತು ಎನಿಸಿದರೆ ಮುದ್ರಾಂಕ ಕಾಯ್ದೆಯ 45-ಎ ಕಲಂ ಅಡಿ ದಾರಿ ಇದೆ. ಉಪನೋಂದಣಾಧಿಕಾರಿ ಅಂದಾಜಿಸಿದ ಮೌಲ್ಯಕ್ಕೆ ಶುಲ್ಕ ಕಟ್ಟಲು ಒಪ್ಪದಿದ್ದರೆ ಪತ್ರವನ್ನು ಬಾಕಿ ಇಟ್ಟು, ಮೌಲ್ಯ ನಿರ್ಧಾರಕ್ಕೆ ಜಿಲ್ಲಾ ನೋಂದಣಾಧಿಕಾರಿಗೆ ಕಳಿಸುತ್ತಾರೆ. ಅಲ್ಲಿ ಬಾಯಿಮಾತು ನಡೆಯದು. ಸ್ಥಳದ ಫೋಟೊ, ರಸ್ತೆಯ ಅಳತೆ, ಅದೇ ಬೀದಿಯ ಇತ್ತೀಚಿನ ಕ್ರಯಪತ್ರಗಳು, ವ್ಯಾಲ್ಯುಯರ್ ವರದಿ ಬೇಕು. ಅಲ್ಲಿಯವರೆಗೆ ಪತ್ರ ಕೈಗೆ ಸಿಗುವುದಿಲ್ಲ, ಸಾಲ ಬಿಡುಗಡೆಯಾಗುವುದಿಲ್ಲ. ಬಹಳ ಮಂದಿ ಹಕ್ಕಿದ್ದರೂ ಶುಲ್ಕ ಕಟ್ಟಿ ಮುಗಿಸುವುದು ಈ ಕಾರಣಕ್ಕೆ. ಆದಾಯ ತೆರಿಗೆಯಲ್ಲೂ, ಮುದ್ರಾಂಕ ಮೌಲ್ಯ ನಿಜಬೆಲೆಗಿಂತ ಹೆಚ್ಚು ಎಂದು ತೆರಿಗೆ ಅಧಿಕಾರಿಯ ಮುಂದೆ ಹೇಳಿಕೊಂಡರೆ ವಿಷಯವನ್ನು ಇಲಾಖೆಯ ಮೌಲ್ಯಮಾಪನಾಧಿಕಾರಿಗೆ ಕಳಿಸಲು ಅವಕಾಶವಿದೆ. ಅವರು ಇನ್ನೂ ಹೆಚ್ಚು ಕಟ್ಟಿದರೂ ಮುದ್ರಾಂಕ ಮೌಲ್ಯವೇ ಗರಿಷ್ಠ.

ಬ್ಯಾಂಕಿನ ವರದಿ ಕಡಿಮೆ ಬಂದರೆ ಮೊದಲು ಅದರ ಪ್ರತಿ ಕೇಳಿ. ಅಳತೆ ತಪ್ಪೇ, ಮಹಡಿ ಬಿಟ್ಟುಹೋಗಿದೆಯೇ, ವಯಸ್ಸು ಹೆಚ್ಚು ಬರೆದಿದ್ದಾರೆಯೇ, ನಕ್ಷೆಯ ಪ್ರತಿ ಅವರ ಕೈಗೇ ಸೇರಿರಲಿಲ್ಲವೇ? ಇವು ದಾಖಲೆ ಕೊಟ್ಟರೆ ಸರಿಯಾಗುವ ತಪ್ಪುಗಳು. ‘ಏರಿಯಾದಲ್ಲಿ ಇದಕ್ಕಿಂತ ಜಾಸ್ತಿ ನಡೀತಿದೆ’ ಎಂಬ ವಾದ ಒಂದು ಕ್ರಯಪತ್ರದ ನಕಲಿನಷ್ಟು ಕೆಲಸ ಮಾಡುವುದಿಲ್ಲ. ಇನ್ನೊಂದು ಬ್ಯಾಂಕಿಗೆ ಹೋದರೆ ಬೇರೆ ವ್ಯಾಲ್ಯುಯರ್, ಬೇರೆ ಅಂಕಿ ಬರಬಹುದು. ಮತ್ತೆ ಅರ್ಜಿ ಶುಲ್ಕ, ಮತ್ತೆ ಎರಡು ಮೂರು ವಾರ.

ಈ ಕಾಲಾವಕಾಶ ಸಿಗುವುದು ಕ್ರಯದ ಕರಾರಿನಲ್ಲಿ ಅದಕ್ಕೆ ಜಾಗವಿದ್ದರೆ ಮಾತ್ರ. ಮೂರು ತಿಂಗಳೊಳಗೆ ನೋಂದಣಿ, ತಪ್ಪಿದರೆ ಮುಂಗಡ ಮುಟ್ಟುಗೋಲು ಎಂಬ ಸಾಲಿರುವ ಕರಾರಿಗೆ ಸಹಿ ಹಾಕಿದ ಮೇಲೆ ವರದಿ ಕಡಿಮೆ ಬಂದರೆ ಚೌಕಾಸಿಗೆ ಬಲವಿಲ್ಲ. ಸಹಿಗೆ ಮುನ್ನವೇ ಎರಡು ವಾಕ್ಯ ಸೇರಿಸಿಕೊಳ್ಳಬೇಕು: ಬ್ಯಾಂಕಿನ ಮೌಲ್ಯಮಾಪನ ಕ್ರಯದ ಇಂತಿಷ್ಟು ಶೇಕಡಾಕ್ಕಿಂತ ಕಡಿಮೆಯಾದರೆ ಮುಂಗಡ ಇಷ್ಟು ದಿನದೊಳಗೆ ವಾಪಸು, ನಕ್ಷೆ, ಖಾತಾ, ಕಂದಾಯ ರಸೀತಿಯ ಪ್ರತಿಗಳನ್ನು ಮಾರುವವರು ವಾರದೊಳಗೆ ಒದಗಿಸತಕ್ಕದ್ದು. ಆ ಶೇಕಡಾ ಎಷ್ಟಿರಬೇಕು ಎಂಬುದಕ್ಕೆ ನಿಮ್ಮ ಕೈಯಲ್ಲಿ ಹೆಚ್ಚುವರಿಯಾಗಿ ಎಷ್ಟು ಹಣವಿದೆ ಎಂಬುದೇ ಅಳತೆ. ಮೇಲಿನ 80 ಲಕ್ಷದ ಲೆಕ್ಕದಲ್ಲಿ ಕೈಯಲ್ಲಿ 3.2 ಲಕ್ಷ ಹೆಚ್ಚಿಗೆ ಇದ್ದವರು ತಡೆದುಕೊಳ್ಳಬಹುದಾದ ಇಳಿಕೆ 4 ಲಕ್ಷ, ಅಂದರೆ ಕ್ರಯದ ಶೇ 5.